ಹೆದ್ದಾರಿ ತಪಾಸಣೆ, ಶೋಧ ಮತ್ತು ಮಹಜರಿನ ಸಹಿ: ನ್ಯಾಯಾಲಯಗಳು ಏನು ಹೇಳಿವೆ?

ಕೊಬ್ಬರಿ ವರ್ತಕ, ತಿಪಟೂರು

ಎಲ್ಲರಿಗೂ ನಮಸ್ಕಾರ. ನಮ್ಮ ಗೂಡ್ಸ್ ವಾಹನವನ್ನು ನನ್ನ ಅಕ್ಕನ ಮಗನೇ ಓಡಿಸುತ್ತಾನೆ. ಕಳೆದ ತಿಂಗಳು ಬೆಂಗಳೂರಿನಲ್ಲಿ ಕೊಬ್ಬರಿ ಇಳಿಸಿ ಖಾಲಿ ಗಾಡಿಯಲ್ಲಿ ಊರಿಗೆ ಬರುತ್ತಿದ್ದಾಗ, ಮಧ್ಯರಾತ್ರಿಯ ಹೊತ್ತಿಗೆ ನಾಕಾಬಂದಿಯೊಂದರಲ್ಲಿ ಅವನನ್ನು ನಿಲ್ಲಿಸಿದರು. ಡಿಜಿಲಾಕರ್‌ನಲ್ಲಿದ್ದ ಪರವಾನಗಿ, ನೋಂದಣಿ, ವಿಮೆ ಎಲ್ಲವನ್ನೂ ತೋರಿಸಿದ್ದಾನೆ. ಅಷ್ಟಾದರೂ ಕೀ ತೆಗೆದುಕೊಂಡು, ಸೀಟಿನ ಕೆಳಗೆಲ್ಲ ಹುಡುಕಿ, ಅವನ ಬಟ್ಟೆಯ ಚೀಲವನ್ನು ರಸ್ತೆಗೆ ಸುರಿಸಿ, ಫೋನ್ ತೆರೆಸಿ ವಾಟ್ಸ್‌ಆ್ಯಪ್ ಸಂದೇಶಗಳನ್ನು ಓದಿದ್ದಾರೆ. ಏಕೆಂದು ಕೇಳಿದ್ದಕ್ಕೆ ಕೆನ್ನೆಗೆ ಹೊಡೆದಿದ್ದಾರೆ. ಏನೂ ಸಿಗಲಿಲ್ಲ. ಕೊನೆಗೆ ಅರ್ಧ ತುಂಬಿದ್ದ ಒಂದು ಮುದ್ರಿತ ಹಾಳೆಗೆ ಅವನ ಸಹಿಯನ್ನೂ, ಪಕ್ಕದ ಟೀ ಅಂಗಡಿಯಲ್ಲಿದ್ದ ಇಬ್ಬರ ಸಹಿಯನ್ನೂ ಹಾಕಿಸಿಕೊಂಡು ಬಿಟ್ಟು ಕಳುಹಿಸಿದ್ದಾರೆ.

ಯಾವ ಠಾಣೆ, ಯಾವ ಅಧಿಕಾರಿ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹೇಳಿ ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ. ಆದರೆ ಆ ಹುಡುಗನಿಗೆ ನಿದ್ದೆ ಬರುತ್ತಿಲ್ಲ. ಹೊಡೆತಕ್ಕಿಂತ ಅವನನ್ನು ಹೆಚ್ಚಾಗಿ ಕಾಡುತ್ತಿರುವುದು ಆ ಹಾಳೆ. ಖಾಲಿ ಬಿಟ್ಟಿದ್ದ ಸಾಲುಗಳಲ್ಲಿ ಮುಂದೆ ಏನನ್ನು ಬರೆದರೂ ಕೆಳಗೆ ಅವನ ಸಹಿ ಇರುತ್ತದಲ್ಲವೇ? ಇಂಥ ಶೋಧದ ಬಗ್ಗೆ ನಮ್ಮ ನ್ಯಾಯಾಲಯಗಳು ಏನು ಹೇಳಿವೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ವಕೀಲೆ, ತುಮಕೂರು

ಯಜಮಾನರಿಗೆ ನಮಸ್ಕಾರ. ಆ ರಾತ್ರಿ ನಡೆದದ್ದೆಲ್ಲ ಒಂದೇ ಘಟನೆಯಂತೆ ಕಂಡರೂ ಕಾನೂನು ಅದನ್ನು ಬಿಡಿಬಿಡಿಯಾಗಿ ನೋಡುತ್ತದೆ. ವಾಹನ ನಿಲ್ಲಿಸುವುದು, ದಾಖಲೆ ಕೇಳುವುದು, ಶೋಧಿಸುವುದು, ಮೈಮೇಲೆ ಕೈ ಮಾಡುವುದು ಇವು ಬೇರೆ ಬೇರೆ ಕ್ರಿಯೆಗಳು. ಒಂದಕ್ಕಿರುವ ಅಧಿಕಾರ ಇನ್ನೊಂದಕ್ಕೆ ತಾನಾಗಿ ಹರಿದು ಬರುವುದಿಲ್ಲ.

ಮೋಟಾರು ವಾಹನ ಕಾಯ್ದೆ, 1988ರ 130ನೇ ಕಲಮಿನ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಚಾಲಕನು ಪರವಾನಗಿಯನ್ನು ತೋರಿಸಲೇಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮವು 2018ರ ತಿದ್ದುಪಡಿಯ ನಂತರ ವಿದ್ಯುನ್ಮಾನ ರೂಪದ ದಾಖಲೆಗಳನ್ನೂ ಒಪ್ಪುತ್ತದೆ. ಆದ್ದರಿಂದ ನಿಮ್ಮ ಹುಡುಗ ತೋರಿಸಿದ್ದು ಸಾಕಾಗಿತ್ತು. ಬರಿಯ ದಾಖಲೆ ಪರಿಶೀಲನೆಗೆಂದು ವಾಹನಗಳನ್ನು ತಡೆಯಬಾರದು, ಕಣ್ಣಿಗೆ ಕಾಣುವ ಉಲ್ಲಂಘನೆ ಇರಬೇಕು, ಕುಡಿದು ಓಡಿಸುವವರ ತಪಾಸಣೆ ಮಾತ್ರ ಇದಕ್ಕೆ ಹೊರತು ಎಂದು 2022ರ ಜೂನ್‌ನಲ್ಲಿ ಅಂದಿನ ಡಿಜಿಪಿ ಪ್ರವೀಣ್ ಸೂದ್ ಅವರು ತಿಳಿಸಿದ್ದರು. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆಗೆ ಬೈಕ್ ತಡೆದಾಗ, ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಮೂರು ವರ್ಷದ ಮಗು ರಸ್ತೆಗೆ ಬಿದ್ದು ಪ್ರಾಣ ಕಳೆದುಕೊಂಡದ್ದು ನಮ್ಮೆಲ್ಲರಿಗೂ ನೆನಪಿದೆ. ಹೆಲ್ಮೆಟ್ ಇಲ್ಲದವರನ್ನು ಬೆನ್ನಟ್ಟಿಯೋ ರಸ್ತೆಗೆ ಅಡ್ಡ ಬಿದ್ದೋ ಹಿಡಿಯಬಾರದು, ಕ್ಯಾಮೆರಾದಂಥ ಸಾಧನಗಳನ್ನು ಬಳಸಬೇಕು ಎಂದು ಕೇರಳ ಹೈಕೋರ್ಟು 2019ರ ನವೆಂಬರ್‌ನಲ್ಲಿಯೇ ಹೇಳಿತ್ತು. ಇನ್ನು ಕೀಯ ವಿಷಯ. ನೋಂದಣಿ, ಪರವಾನಗಿ ಅಥವಾ ಪರ್ಮಿಟ್ ಇಲ್ಲದ ವಾಹನವನ್ನು ಮುಟ್ಟುಗೋಲು ಹಾಕಿಕೊಳ್ಳಲು 207ನೇ ಕಲಂ ಅವಕಾಶ ಕೊಡುತ್ತದೆ. ದಾಖಲೆ ಸರಿಯಿರುವ ವಾಹನದ ಕೀ ಕಿತ್ತುಕೊಳ್ಳಿ ಎಂದು ಆ ಕಾಯ್ದೆಯ ಯಾವ ಕಲಮೂ ಹೇಳುವುದಿಲ್ಲ.

ಶೋಧದ ಅಧಿಕಾರ ಬೇರೆ ಕಡೆಯಿಂದ ಬರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಕಲಮಿನಂತೆ, ವಾರಂಟ್ ಇಲ್ಲದೆ ಶೋಧಿಸಬೇಕಾದರೆ ತನಿಖೆಯಲ್ಲಿರುವ ಒಂದು ಅಪರಾಧ ಇರಬೇಕು, ಅದಕ್ಕೆ ಬೇಕಾದ ವಸ್ತು ಅಲ್ಲಿದೆ ಎಂದು ನಂಬಲು ಆಧಾರವಿರಬೇಕು, ಆ ಆಧಾರವನ್ನೂ ಹುಡುಕುತ್ತಿರುವ ವಸ್ತು ಯಾವುದೆಂಬುದನ್ನೂ ಅಧಿಕಾರಿಯು ಶೋಧಕ್ಕೆ ಮೊದಲೇ ಕೇಸ್ ಡೈರಿಯಲ್ಲಿ ಬರೆದಿರಬೇಕು. 'ಸ್ಥಳ' ಎಂಬುದರಲ್ಲಿ ವಾಹನವೂ ಸೇರುತ್ತದೆ. ಶೋಧವನ್ನು ಆಡಿಯೊ-ವಿಡಿಯೊ ಮೂಲಕ ದಾಖಲಿಸಬೇಕು. ವಶಪಡಿಸಿಕೊಂಡ ವಸ್ತುಗಳ ಪಟ್ಟಿ ತಯಾರಿಸುವುದೂ ಪಂಚರು, ಅಂದರೆ ಶೋಧವನ್ನು ನೋಡಲು ಕರೆದ ಸ್ಥಳೀಯ ಸಾಕ್ಷಿಗಳು, ಅದಕ್ಕೆ ಸಹಿ ಹಾಕುವುದೂ ಆ ಚಿತ್ರೀಕರಣದಲ್ಲಿಯೇ ಇರಬೇಕು ಎಂದು 105ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ.

ಮಾದಕ ವಸ್ತು ಕಾಯ್ದೆಯಡಿ ಶೋಧ ನಡೆದರೆ ನಿಯಮ ಇನ್ನೂ ಬಿಗಿ. ಬೂಟಾ ಸಿಂಗ್ ಪ್ರಕರಣದಲ್ಲಿ ಸಾರ್ವಜನಿಕ ರಸ್ತೆಯಲ್ಲಿದ್ದ ಖಾಸಗಿ ಜೀಪನ್ನು ಶೋಧಿಸಲಾಗಿತ್ತು. ಖಾಸಗಿ ವಾಹನವು ಸಾರ್ವಜನಿಕ ವಾಹನವಲ್ಲ, ಆದ್ದರಿಂದ ಬಂದ ಮಾಹಿತಿಯನ್ನು ಬರೆದಿಟ್ಟು ಮೇಲಧಿಕಾರಿಗೆ ತಿಳಿಸಬೇಕೆನ್ನುವ 42ನೇ ಕಲಮನ್ನು ಪಾಲಿಸಲೇಬೇಕಿತ್ತು, ಅದನ್ನು ಸಂಪೂರ್ಣವಾಗಿ ಬಿಟ್ಟದ್ದರಿಂದ ಶಿಕ್ಷೆ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟು 2021ರಲ್ಲಿ ಆರೋಪಿಗಳನ್ನು ಬಿಡುಗಡೆ ಮಾಡಿತು.

ಫೋನಿನ ಬಗ್ಗೆ ನಮ್ಮ ಹೈಕೋರ್ಟಿನದೇ ತೀರ್ಪಿದೆ. ಬೆಂಗಳೂರಿನ ಮಾದಕ ವಸ್ತು ಪ್ರಕರಣವೊಂದರಲ್ಲಿ 2021ರಲ್ಲಿ ಕರ್ನಾಟಕ ಹೈಕೋರ್ಟು ಸ್ಮಾರ್ಟ್‌ಫೋನ್ ಶೋಧಕ್ಕೆ ವಿವರವಾದ ಮಾರ್ಗಸೂಚಿಗಳನ್ನು ಕೊಟ್ಟಿತು. ಅಧಿಕಾರಿ ಪಾಸ್‌ವರ್ಡ್ ಕೇಳಬಹುದು. ಕೊಡದಿದ್ದರೆ ನ್ಯಾಯಾಲಯದಿಂದ ಶೋಧ ವಾರಂಟ್ ಪಡೆಯಬೇಕು. ತೀರಾ ತುರ್ತಾದರೆ ಮಾತ್ರ, ಕಾರಣ ಬರೆದಿಟ್ಟು, ವಾರಂಟ್ ಇಲ್ಲದೆ ಮುಂದುವರಿಯಬಹುದು. ಯಾವ ಪ್ರಕರಣವೂ ಇಲ್ಲದ ಚಾಲಕನ ಸಂದೇಶಗಳನ್ನು ರಸ್ತೆ ಬದಿಯಲ್ಲಿ ನಿಂತು ಓದುವುದಕ್ಕೆ ಅದರಲ್ಲಿ ಜಾಗವಿಲ್ಲ.

ಲಾರಿ ಚಾಲಕ, ಮುಳಬಾಗಿಲು

ಮೇಡಂ ಬರೆದದ್ದನ್ನು ಓದಿ ಧೈರ್ಯ ಬಂತು. ಆದರೂ ಒಂದು ಮಾತು ಹೇಳಲೇಬೇಕು. ಕೋಲಾರದಿಂದ ಟೊಮೆಟೊ ತುಂಬಿಕೊಂಡು ಗಡಿ ದಾಟುವ ನಮ್ಮಂಥವರಿಗೆ ಬೆಳಗಾಗುವುದರೊಳಗೆ ಮಂಡಿ ತಲುಪದಿದ್ದರೆ ಸರಕಿನ ಬೆಲೆಯೇ ಬಿದ್ದುಹೋಗುತ್ತದೆ. ರಾತ್ರಿ ಎರಡು ಗಂಟೆಯಲ್ಲಿ 185ನೇ ಕಲಮಿನ ಹೆಸರೆತ್ತಿದರೆ ಗಾಡಿಯನ್ನು ಪಕ್ಕಕ್ಕೆ ಹಾಕಿಸುತ್ತಾರೆ. ಬೇಡವೆಂದರೆ ಕರ್ತವ್ಯಕ್ಕೆ ಅಡ್ಡಿಪಡಿಸಿದನೆಂದು ಪ್ರಕರಣ ದಾಖಲಿಸುತ್ತಾರೆಂಬ ಭಯವೂ ಇದೆ. ಶೋಧ ಕಾನೂನುಬಾಹಿರವೆಂದು ನಮಗೆ ಗೊತ್ತಾದರೆ ನಾವು ತಡೆಯಬಹುದೇ?

ನಿವೃತ್ತ ಸಬ್ ಇನ್‌ಸ್ಪೆಕ್ಟರ್, ಮಧುಗಿರಿ

ಪೊಲೀಸರ ಕಡೆಯಿಂದಲೂ ಒಬ್ಬರು ಮಾತನಾಡಬೇಕೆಂದು ಬರೆಯುತ್ತಿದ್ದೇನೆ. ಚಾಲಕರ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ದಯವಿಟ್ಟು ಕೈಯಡ್ಡ ಮಾಡಬೇಡಿ. ಅಕ್ರಮ ಶೋಧವನ್ನು ವಿರೋಧಿಸಬಹುದು ಎಂಬ ಮಾತು 1963ರ ರಾಧಾಕಿಶನ್ ತೀರ್ಪಿನಲ್ಲಿ ಬರುತ್ತದೆ, ನಿಜ. ಆದರೆ ಶೋಧ ಅಕ್ರಮವೋ ಸಕ್ರಮವೋ ಎಂಬುದು ನಾಕಾದಲ್ಲಿ ನಿಂತಾಗ ನಿಮಗೂ ಗೊತ್ತಿರುವುದಿಲ್ಲ, ಎದುರಿಗಿರುವ ಪೇದೆಗೂ ಗೊತ್ತಿರುವುದಿಲ್ಲ. ಠಾಣಾಧಿಕಾರಿಗೆ ಬಂದ ಮಾಹಿತಿ ಪೇದೆಯ ತನಕ ಇಳಿದಿರುವುದಿಲ್ಲ. ಬಾಯಲ್ಲಿ ಆಕ್ಷೇಪ ಹೇಳಿ, ಬರಹದಲ್ಲಿ ದಾಖಲಿಸಿ. ಕೈ ಮಾತ್ರ ಎತ್ತಬೇಡಿ. ಪೊಲೀಸರ ಮೇಲೆ ಬಲಪ್ರಯೋಗ ಮಾಡಿದ ಪ್ರಕರಣ ಒಮ್ಮೆ ದಾಖಲಾದರೆ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯಬೇಕಾಗುತ್ತದೆ.

ನಮ್ಮ ಜಿಲ್ಲೆಯ ಭೂಗೋಳವನ್ನು ನೋಡಿ. ಶಿರಾ ಮಾರ್ಗವಾಗಿ ರಾಷ್ಟ್ರೀಯ ಹೆದ್ದಾರಿ 48 ಹೋಗುತ್ತದೆ. ಪಾವಗಡ, ಮಧುಗಿರಿಯ ಆಚೆ ಆಂಧ್ರದ ಗಡಿ. ಗಾಂಜಾ ಸಾಗಣೆ, ಜಾನುವಾರು ಕಳವು, ಮರಳು ಸಾಗಣೆ ನಡೆಯುವುದು ರಾತ್ರಿಯಲ್ಲೇ, ಅದೂ ದಾಖಲೆಗಳು ಅಚ್ಚುಕಟ್ಟಾಗಿರುವ ವಾಹನಗಳಲ್ಲಿ. ನಾಕಾದಲ್ಲಿ ಇರುವುದು ಒಬ್ಬ ಎಎಸ್‌ಐ, ಇಬ್ಬರು ಪೇದೆಗಳು, ಒಂದು ಬ್ಯಾರಿಕೇಡ್ ಅಷ್ಟೇ. ನಿಲ್ಲದೆ ನುಗ್ಗಿದ ವಾಹನಕ್ಕೆ ಸಿಕ್ಕಿ ಕಾಲು ಕಳೆದುಕೊಂಡ ಸಹೋದ್ಯೋಗಿಯನ್ನು ನಾನು ಬಲ್ಲೆ. ಇಷ್ಟು ಹೇಳಿದರೂ ಅರ್ಧ ತುಂಬಿದ ಹಾಳೆಗೆ ಸಹಿ ಹಾಕಿಸಿಕೊಂಡದ್ದನ್ನು ನಾನು ಸಮರ್ಥಿಸುವುದಿಲ್ಲ. ಶೋಧ ಹೇಗೆ ನಡೆಯಿತು, ಏನು ಸಿಕ್ಕಿತು ಎಂಬುದನ್ನು ಪಂಚರ ಎದುರು ಬರೆದ ದಾಖಲೆಯೇ ಮಹಜರು; ಅರ್ಧ ತುಂಬಿದ ಹಾಳೆ ಮಹಜರೇ ಅಲ್ಲ. ಕೆನ್ನೆಗೆ ಹೊಡೆದದ್ದಕ್ಕಂತೂ ಯಾವ ಕಲಮಿನ ಆಸರೆಯೂ ಇಲ್ಲ.

ಕಾನೂನು ವಿದ್ಯಾರ್ಥಿ, ತುಮಕೂರು

ಮೇಡಂ, ನಮ್ಮ ತರಗತಿಯಲ್ಲಿ ಅಮೆರಿಕದ ತೀರ್ಪುಗಳನ್ನು ಹೋಲಿಕೆಗಾಗಿ ಓದುತ್ತಿದ್ದೇವೆ. ಅಕ್ರಮ ಶೋಧದಲ್ಲಿ ಸಿಕ್ಕ ಸಾಕ್ಷ್ಯವನ್ನು ರಾಜ್ಯಗಳ ನ್ಯಾಯಾಲಯಗಳಲ್ಲಿಯೂ ಬಳಸುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು 1961ರ ಮ್ಯಾಪ್ ಪ್ರಕರಣದಲ್ಲಿ ತೀರ್ಮಾನಿಸಿತು. ಸಂಚಾರ ಉಲ್ಲಂಘನೆಗಾಗಿ ನಿಲ್ಲಿಸಿದ ವಾಹನವನ್ನು, ಆ ಉಲ್ಲಂಘನೆಯ ಕೆಲಸ ಮುಗಿದ ಮೇಲೂ ಬೇರೆ ಶಂಕೆಗೆ ಆಧಾರವಿಲ್ಲದೆ ಪೊಲೀಸ್ ನಾಯಿಯಿಂದ ಮೂಸಿಸುವುದಕ್ಕೆಂದು ತಡೆದು ನಿಲ್ಲಿಸುವಂತಿಲ್ಲ ಎಂದು 2015ರ ರೊಡ್ರಿಗೆಜ್ ತೀರ್ಪು ಹೇಳುತ್ತದೆ. ಬಂಧಿತನ ಫೋನನ್ನು ನೋಡಲೂ ವಾರಂಟ್ ಬೇಕೆಂಬುದು 2014ರ ರೈಲಿ ತೀರ್ಪು.

ಬಲಪ್ರಯೋಗದ ವಿಷಯದಲ್ಲಿ 2025ರ ಮೇ 15ರ ಬಾರ್ನ್ಸ್ ತೀರ್ಪು ನನಗೆ ಬಹಳ ಮುಖ್ಯವೆನಿಸಿತು. ಟೋಲ್ ಬಾಕಿಯ ಕಾರಣಕ್ಕೆ ಕಾರೊಂದನ್ನು ನಿಲ್ಲಿಸಲಾಗಿತ್ತು; ಅದು ಚಲಿಸತೊಡಗಿದಾಗ ಅಧಿಕಾರಿಯು ಬಾಗಿಲ ಅಂಚಿಗೆ ಹಾರಿ ನಿಂತು ಗುಂಡು ಹಾರಿಸಿದ್ದರಿಂದ ಚಾಲಕ ಸತ್ತ. ಗುಂಡು ಹಾರಿಸಿದ ಆ ಎರಡು ಕ್ಷಣಗಳನ್ನಷ್ಟೇ ನೋಡಿದರೆ ಸಾಲದು, ನಿಲ್ಲಿಸಿದ ಕಾರಣದಿಂದ ಹಿಡಿದು ಅಲ್ಲಿಯವರೆಗೆ ನಡೆದುದೆಲ್ಲವನ್ನೂ ತೂಗಬೇಕು ಎಂದು ಆ ನ್ಯಾಯಾಲಯ ಸರ್ವಾನುಮತದಿಂದ ಹೇಳಿತು. ನಮ್ಮಲ್ಲಿಯೂ ಅಕ್ರಮ ಶೋಧದ ಸಾಕ್ಷ್ಯವನ್ನು ತಳ್ಳಿಹಾಕುವ ನಿಯಮವಿದ್ದರೆ ಇಂಥ ಶೋಧಗಳು ತಾವಾಗಿಯೇ ನಿಲ್ಲುತ್ತಿದ್ದವಲ್ಲವೇ?

ವಕೀಲೆ, ತುಮಕೂರು

ಈ ಇಡೀ ಚರ್ಚೆಯ ತಿರುಳು ವಿದ್ಯಾರ್ಥಿಯ ಪ್ರಶ್ನೆಯಲ್ಲಿದೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ನಮ್ಮ ಸಂವಿಧಾನದಲ್ಲಿ, ಅಕಾರಣ ಶೋಧವನ್ನು ನಿಷೇಧಿಸುವ ಅಮೆರಿಕದ ನಾಲ್ಕನೇ ತಿದ್ದುಪಡಿಯಂಥ ವಿಧಿ ಇಲ್ಲ ಎಂದು 1954ರ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಎಂಟು ನ್ಯಾಯಮೂರ್ತಿಗಳ ಪೀಠ ಹೇಳಿತ್ತು. 1974ರ ಪೂರಣ್ ಮಲ್ ಪ್ರಕರಣದಲ್ಲಿ ಸಂವಿಧಾನ ಪೀಠವು ಅದೇ ಹಾದಿಯಲ್ಲಿ ಇನ್ನೂ ಮುಂದೆ ಹೋಗಿ, ಸಾಕ್ಷ್ಯವು ಪ್ರಕರಣಕ್ಕೆ ಸಂಬಂಧಪಟ್ಟಿದ್ದರೆ ಸಾಕು, ಸಂವಿಧಾನವಾಗಲಿ ಬೇರೆ ಕಾನೂನಾಗಲಿ ನಿಷೇಧಿಸದ ಹೊರತು ಅದನ್ನು ಪಡೆದ ಶೋಧ ಅಕ್ರಮವಾಗಿತ್ತೆಂಬ ಒಂದೇ ಕಾರಣಕ್ಕೆ ಹೊರಗಿಡಬೇಕಾಗಿಲ್ಲ ಎಂದಿತು. ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿ, ಖಾಸಗಿತನದ ಹಕ್ಕಿಲ್ಲ ಎಂಬ ಮಟ್ಟಿಗೆ ಎಂ.ಪಿ. ಶರ್ಮಾ ತೀರ್ಪನ್ನು ತಳ್ಳಿಹಾಕಿತು. ಆದರೂ ಪೂರಣ್ ಮಲ್ ನಿಯಮವನ್ನು ವಿಚಾರಣಾ ನ್ಯಾಯಾಲಯಗಳು ಇಂದಿಗೂ ಅನುಸರಿಸುತ್ತವೆ. ಇದು ಬದಲಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಬದಲಾಗುವ ತನಕ ಇರುವ ಕಾನೂನಿನಲ್ಲೇ ದಾರಿ ಹುಡುಕಬೇಕು.

ಇದಕ್ಕೆ ಅಪವಾದವಾಗಿ ನಿಂತಿರುವುದು ಮಾದಕ ವಸ್ತು ಕಾಯ್ದೆಯ 50ನೇ ಕಲಂ. ಮೈ ಶೋಧಕ್ಕೆ ಮೊದಲು, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರಿನಲ್ಲಿ ಶೋಧಿಸಿಕೊಳ್ಳುವ ಹಕ್ಕು ನಿನಗಿದೆ ಎಂದು ಶಂಕಿತನಿಗೆ ತಿಳಿಸಬೇಕು. ತಿಳಿಸದೆ ಮೈಮೇಲಿಂದ ವಶಪಡಿಸಿಕೊಂಡ ಮಾಲನ್ನೇ ಆಧರಿಸಿದ ಶಿಕ್ಷೆ ನಿಲ್ಲದು ಎಂದು 1999ರ ಬಲದೇವ್ ಸಿಂಗ್ ಪ್ರಕರಣದ ಸಂವಿಧಾನ ಪೀಠ ಹೇಳಿತು. ಸುಮಾರಾಗಿ ಪಾಲಿಸಿದರೆ ಸಾಕೆಂಬ ವಾದವನ್ನು ವಿಜಯಸಿಂಹ ಜಡೇಜಾ ಪ್ರಕರಣದಲ್ಲಿ 2010ರ ಅಕ್ಟೋಬರ್‌ನಲ್ಲಿ ಇನ್ನೊಂದು ಸಂವಿಧಾನ ಪೀಠ ಒಪ್ಪಲಿಲ್ಲ. ಈ ರಕ್ಷಣೆ ಮೈ ಶೋಧಕ್ಕೆ ಮಾತ್ರ. ಕೈಯಲ್ಲಿ ಹಿಡಿದ ಚೀಲಕ್ಕೆ ಅನ್ವಯಿಸದು ಎಂದು 2005ರ ಪವನ್ ಕುಮಾರ್ ತೀರ್ಪು ಗೆರೆ ಎಳೆದಿದೆ.

ಇಲ್ಲಿಂದ ಮಹಜರಿಗೆ ಬರೋಣ. ಅಮೆರಿಕದಲ್ಲಿ ಆರೋಪಿಯ ವಕೀಲನು ಶೋಧವೇ ಅಕ್ರಮವೆಂದು ವಾದಿಸಿ ಸಾಕ್ಷ್ಯವನ್ನು ಬಾಗಿಲಲ್ಲೇ ತಡೆಯಬಲ್ಲ. ನಮ್ಮಲ್ಲಿ ಆ ಬಾಗಿಲು ಬಹುತೇಕ ತೆರೆದೇ ಇದೆ. ಹಾಗಾಗಿ ನಮಗೆ ಉಳಿದಿರುವ ವಾದ ಒಂದೇ: ಶೋಧ ಹೀಗೆ ನಡೆಯಲೇ ಇಲ್ಲ, ವಸ್ತು ಅಲ್ಲಿ ಸಿಗಲೇ ಇಲ್ಲ ಎಂಬುದು. ಅದನ್ನು ಸಾಧಿಸಬೇಕಾದರೆ ಮಹಜರು, ಪಂಚರ ಸಾಕ್ಷ್ಯ, ಚಿತ್ರೀಕರಣ ಈ ಮೂರನ್ನು ಬಿಟ್ಟು ಬೇರೇನೂ ಇರುವುದಿಲ್ಲ. ಸಹಿ ಮಾಡಿದ ಪಂಚರು ಆಮೇಲೆ ಸಾಕ್ಷಿಕಟ್ಟೆಯಲ್ಲಿ ನಿಂತು ನಾವು ಏನನ್ನೂ ನೋಡಲಿಲ್ಲ, ಹಾಕು ಎಂದರು, ಹಾಕಿದೆವು ಎಂದು ಹೇಳಿದರೆ ಆರೋಪಿ ಬಿಡುಗಡೆಯಾಗುತ್ತಾನೆಂದು ನಮ್ಮ ಹಳ್ಳಿಗಳಲ್ಲಿ ಬಹಳ ಜನ ನಂಬಿದ್ದಾರೆ. ಅದು ನಿಜವಲ್ಲ. ಪೊಲೀಸರ ಮಾತನ್ನು ಅಪನಂಬಿಕೆಯಿಂದಲೇ ನೋಡಬೇಕೆಂಬ ನಿಯಮವಿಲ್ಲ ಎಂದು 2001ರ ಸುನಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಪಂಚರು ಪ್ರತಿಕೂಲ ಸಾಕ್ಷಿಗಳಾದರೂ ಪೊಲೀಸ್ ಸಾಕ್ಷ್ಯ ನಂಬಿಕೆಗೆ ಅರ್ಹವಾಗಿದ್ದರೆ ಶಿಕ್ಷೆ ನಿಲ್ಲುತ್ತದೆ ಎಂದು 2020ರ ರಿಜ್ವಾನ್ ಖಾನ್ ತೀರ್ಪು ಪುನಃ ಹೇಳಿದೆ. ಟೀ ಅಂಗಡಿಯಲ್ಲಿ ಓದದೆ ಹಾಕಿದ ಸಹಿಯನ್ನು ಮೂರು ವರ್ಷದ ನಂತರ ಸಾಕ್ಷಿಕಟ್ಟೆಯಲ್ಲಿ ಹಿಂದಕ್ಕೆ ಪಡೆಯಲಾಗುವುದಿಲ್ಲ.

ಗ್ರಾಮ ಪಂಚಾಯಿತಿ ಮಾಜಿ ಸದಸ್ಯ, ಶಿರಾ ತಾಲ್ಲೂಕು

ವಕೀಲರು ಬರೆದ ಕೊನೆಯ ಮಾತು ನಮ್ಮ ಊರಿನ ಪ್ರತಿಯೊಬ್ಬರೂ ಓದಬೇಕಾದದ್ದು. ಸದಸ್ಯನಾಗಿದ್ದಾಗ ಅಪಘಾತವಾಗಲಿ, ಕಳವಾಗಲಿ, ಇಸ್ಪೀಟು ದಾಳಿಯಾಗಲಿ, ಪಂಚನಾಗಲು ನನ್ನನ್ನು ಆಗಾಗ ಕರೆಯುತ್ತಿದ್ದರು. ಬಂದ ಸಿಬ್ಬಂದಿ ಬಹುಪಾಲು ಒಳ್ಳೆಯವರೇ, ಪರಿಚಯದವರೇ. 'ಸದಸ್ಯರೇ, ಇಲ್ಲೊಂದು ಸಹಿ' ಎಂದಾಗ ಓದಲು ಕೇಳಿದರೆ ಅವರನ್ನು ನಂಬಲಿಲ್ಲವೆಂದಾಗುತ್ತದೆ ಎಂಬ ದಾಕ್ಷಿಣ್ಯ. ಬೇಸಿಗೆಯ ಮಧ್ಯಾಹ್ನ, ಹೊಲದ ಬದುವಿನಲ್ಲಿ ನಿಂತು, ಅಕ್ಷರ ಬಾರದ ಇನ್ನೊಬ್ಬ ಪಂಚನ ಹೆಬ್ಬೆಟ್ಟಿಗೆ ಶಾಯಿ ಹಚ್ಚುತ್ತಿರುವಾಗ ಎರಡು ಪುಟ ಓದುವ ವ್ಯವಧಾನ ಯಾರಿಗಿರುತ್ತದೆ?

ಒಮ್ಮೆ ನಮ್ಮ ಊರಿನ ಹಿರಿಯ ಶಾನುಭೋಗರ ಮನೆತನದವರೊಬ್ಬರು ನನ್ನ ಜೊತೆ ಪಂಚರಾಗಿ ಬಂದಿದ್ದರು. ಅವರು ಮಹಜರನ್ನು ಗಟ್ಟಿಯಾಗಿ ಓದಿಸಿಕೊಂಡರು. ಆರಂಭಿಸಿದ ಹೊತ್ತು, ಮುಗಿಸಿದ ಹೊತ್ತು ಬರೆದಿಲ್ಲವೆಂದು ಬರೆಸಿದರು. ಖಾಲಿ ಉಳಿದ ಜಾಗಕ್ಕೆಲ್ಲ ಅಡ್ಡಗೆರೆ ಎಳೆಸಿ, ಗೆರೆಯ ತುದಿಯಲ್ಲಿ ತಮ್ಮ ಚಿಕ್ಕ ಸಹಿ ಹಾಕಿದರು. ಕಂದಾಯದ ಕಾಗದಗಳಲ್ಲಿ ಪಳಗಿದ ಕೈ ಅದು. ಬಂದಿದ್ದ ಮುಖ್ಯಪೇದೆ ಸ್ವಲ್ಪವೂ ಬೇಸರಪಡಲಿಲ್ಲ. ಹೀಗೆ ಮಾಡಿದರೆ ಪಾಟಿಸವಾಲಿನಲ್ಲಿ ನಮಗೂ ಅನುಕೂಲ ಎಂದರು. ಆ ದಿನದಿಂದ ನಾನೂ ಹಾಗೆಯೇ ಮಾಡುತ್ತಾ ಬಂದಿದ್ದೇನೆ, ನನ್ನನ್ನು ಕರೆಯುವುದು ಕಡಿಮೆಯೂ ಆಗಿಲ್ಲ. ಇಷ್ಟೇ ಕೇಳಬೇಕಾಗಿದೆ: ಪಂಚನಾಗಲು ಒಪ್ಪದಿದ್ದರೆ ಶಿಕ್ಷೆಯಾಗುತ್ತದೆ ಎಂದು ಹೆದರಿಸುತ್ತಾರಲ್ಲ, ಅದು ನಿಜವೇ?

ನಿವೃತ್ತ ಸಬ್ ಇನ್‌ಸ್ಪೆಕ್ಟರ್, ಮಧುಗಿರಿ

ಸದಸ್ಯರೇ, ಅದು ನಿಜ. ಲಿಖಿತವಾಗಿ ಕರೆದಾಗ ಸಕಾರಣವಿಲ್ಲದೆ ಬರಲು ನಿರಾಕರಿಸಿದರೆ ಅಪರಾಧವಾಗುತ್ತದೆಂದು ಸುರಕ್ಷಾ ಸಂಹಿತೆಯ 103ನೇ ಕಲಮೇ ಹೇಳುತ್ತದೆ. ಆದರೆ ಆ ಕಲಂ ಹೇಳುವುದು ಶೋಧಕ್ಕೆ ಹಾಜರಿದ್ದು ಸಾಕ್ಷಿಯಾಗಬೇಕೆಂದು. ನೋಡದ ಶೋಧಕ್ಕೆ ಸಹಿ ಹಾಕೆಂದು ಅದು ಯಾರನ್ನೂ ಬಲವಂತಪಡಿಸುವುದಿಲ್ಲ. ಪಂಚರು ಅದೇ ಪ್ರದೇಶದ, ಸ್ವತಂತ್ರ, ಗೌರವಸ್ಥ ನಿವಾಸಿಗಳಾಗಿರಬೇಕು ಎಂದೂ ಅಲ್ಲೇ ಇದೆ. ನಾನು ಸೇವೆಯಲ್ಲಿದ್ದಾಗ ಒಬ್ಬನೇ ಪಂಚ ಹತ್ತಾರು ಪ್ರಕರಣಗಳಲ್ಲಿ ಸಹಿ ಹಾಕಿದ್ದನ್ನು ನ್ಯಾಯಾಧೀಶರು ಗುರುತಿಸಿ ತನಿಖಾಧಿಕಾರಿಗೆ ಛೀಮಾರಿ ಹಾಕಿದ್ದನ್ನು ಕಂಡಿದ್ದೇನೆ. ಅಚ್ಚುಕಟ್ಟಾದ ಮಹಜರಿನಿಂದ ಪ್ರಾಮಾಣಿಕ ಅಧಿಕಾರಿಗೆ ನಷ್ಟವಿಲ್ಲ.

ಇತಿಹಾಸ ಉಪನ್ಯಾಸಕ, ಗೌರಿಬಿದನೂರು

ಬಲಪ್ರಯೋಗದ ಪ್ರಶ್ನೆ ಮೂಲೆಗೆ ಸರಿದಂತೆ ಕಂಡಿದ್ದರಿಂದ ಬರೆಯುತ್ತಿದ್ದೇನೆ. ನಮ್ಮ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು, ನಿಷೇಧಾಜ್ಞೆಯನ್ನು ಮೀರಿ ಧ್ವಜಾರೋಹಣಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸರ್ಕಾರವು ಸರ್ ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ಕೆಲವೇ ವಾರಗಳಲ್ಲಿ ಸರ್ದಾರ್ ಪಟೇಲರಿಗೂ ದಿವಾನ್ ಮಿರ್ಜಾ ಇಸ್ಮಾಯಿಲರಿಗೂ ಒಪ್ಪಂದವಾಗಿ ಧ್ವಜ ಹಾರಿಸಲು ಅವಕಾಶ ದೊರೆಯಿತು. ಆದರೆ ಅಂದು ಎಷ್ಟು ಜನ ಸತ್ತರು ಎಂಬುದರಲ್ಲಿ ಸರ್ಕಾರಿ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಇಂದಿಗೂ ತಾಳೆಯಾಗುವುದಿಲ್ಲ. ಮೂವತ್ತಕ್ಕೂ ಹೆಚ್ಚು ಎಂದು ನಮ್ಮ ಕಡೆಯ ಹಿರಿಯರು ಹೇಳುತ್ತಾ ಬಂದಿದ್ದಾರೆ. ಗುಂಡು ಹಾರಿಸಿದವರ ಕಡೆಯವರೇ ಮೊದಲ ದಾಖಲೆಯನ್ನು ಬರೆದರೆ ಹೀಗಾಗುತ್ತದೆ.

ಈ ತೊಡಕನ್ನು ಸುಪ್ರೀಂ ಕೋರ್ಟು ಗುರುತಿಸಿದ್ದು ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್‌ನ ಪ್ರಕರಣದಲ್ಲಿ ನೀಡಿದ 2014ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ. ಎನ್‌ಕೌಂಟರ್ ನಡೆದರೆ ಎಫ್‌ಐಆರ್ ದಾಖಲಿಸಬೇಕು; ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯ ತಂಡ ನಡೆಸಬೇಕು; ಗಾಯಾಳುವಿಗೆ ಚಿಕಿತ್ಸೆ ಕೊಡಿಸಿ ಮ್ಯಾಜಿಸ್ಟ್ರೇಟರು ಅಥವಾ ವೈದ್ಯಾಧಿಕಾರಿಯ ಮೂಲಕ ಹೇಳಿಕೆ ಪಡೆಯಬೇಕು; ಘಟನೆಯ ಬೆನ್ನಿಗೇ ಬಡ್ತಿ, ಶೌರ್ಯ ಪ್ರಶಸ್ತಿ ಕೊಡಬಾರದು ಎಂಬಂಥ ಹದಿನಾರು ಸೂತ್ರಗಳನ್ನು ಅದು ಹಾಕಿಕೊಟ್ಟಿತು. ಸಾವಿಗೆ ಮಾತ್ರವಲ್ಲ, ತೀವ್ರ ಗಾಯಕ್ಕೂ ಇವು ಅನ್ವಯಿಸುತ್ತವೆ ಎಂದು ತೀರ್ಪಿನಲ್ಲಿಯೇ ಇದೆ. ಸ್ಥಳ ಮಹಜರಿಗೆ ಕರೆದೊಯ್ದಾಗ ಆರೋಪಿ ಹಲ್ಲೆಗೆ ಯತ್ನಿಸಿದ, ಆತ್ಮರಕ್ಷಣೆಗಾಗಿ ಕಾಲಿಗೆ ಗುಂಡು ಹಾರಿಸಲಾಯಿತು ಎಂಬ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುವಾಗ ಈ ಸೂತ್ರಗಳು ಪಾಲನೆಯಾದವೇ ಎಂದು ಕೇಳುವವರು ಬಹಳ ಕಡಿಮೆ. ಆರೋಪಿಯ ಬಗ್ಗೆ ನಮಗೆ ಕನಿಕರವಿಲ್ಲದಿರಬಹುದು. ಆದರೂ ಆ ಪ್ರಶ್ನೆಯನ್ನು ಕೇಳಲೇಬೇಕು. ಆರೋಪಿ ಕುಖ್ಯಾತ ಅಪರಾಧಿ ಎಂಬ ಕಾರಣಕ್ಕೆ ಅವನನ್ನು ಕೊಲ್ಲುವುದು ಪೊಲೀಸರ ಕರ್ತವ್ಯವಲ್ಲ ಎಂದು 2012ರ ಓಂ ಪ್ರಕಾಶ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ವಕೀಲೆ, ತುಮಕೂರು

ಮೇಷ್ಟ್ರಿಗೆ ವಂದನೆಗಳು. ಕೆನ್ನೆಗೆ ಹೊಡೆದ ವಿಷಯಕ್ಕೆ ನಾನೂ ಬರಬೇಕಿತ್ತು.

ಬಂಧನವನ್ನು ಬಲದಿಂದ ಪ್ರತಿರೋಧಿಸಿದವನನ್ನು ಹಿಡಿಯಲು ಅಗತ್ಯವಾದಷ್ಟು ಬಲ ಬಳಸಬಹುದೆಂದು ಸುರಕ್ಷಾ ಸಂಹಿತೆಯ 43ನೇ ಕಲಂ ಹೇಳುತ್ತದೆ. ತಪ್ಪಿಸಿಕೊಳ್ಳದಂತೆ ತಡೆಯಲು ಬೇಕಾದದ್ದಕ್ಕಿಂತ ಹೆಚ್ಚಿನ ನಿರ್ಬಂಧ ಹಾಕಬಾರದೆಂದು 46ನೇ ಕಲಂ ಹೇಳುತ್ತದೆ. ಬಂಧನವೇ ಇಲ್ಲದಿದ್ದಲ್ಲಿ, ಪ್ರಶ್ನೆ ಕೇಳಿದ್ದಕ್ಕೆ ಹೊಡೆಯುವುದು ಈ ಯಾವುದರ ವ್ಯಾಪ್ತಿಗೂ ಬರುವುದಿಲ್ಲ. ಕೈಕೋಳದ ವಿಷಯದಲ್ಲಿಯೂ ಹಾಗೆಯೇ: ಕಾನೂನು ವಿದ್ಯಾರ್ಥಿಯೊಬ್ಬನಿಗೆ ಅನಗತ್ಯವಾಗಿ ಕೈಕೋಳ ತೊಡಿಸಿದ್ದಕ್ಕೆ 2022ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠವು ಎರಡು ಲಕ್ಷ ರೂಪಾಯಿ ಪರಿಹಾರ ಕೊಡಿಸಿ, ಬಂಧಿಸುವ ಅಧಿಕಾರಿಗಳಿಗೆ ದೇಹ ಕ್ಯಾಮೆರಾ ಒದಗಿಸುವ ಬಗ್ಗೆಯೂ ನಿರ್ದೇಶನ ನೀಡಿತು.

ಆದರೆ ನಿಮಗೆ ಸುಳ್ಳು ಭರವಸೆ ಕೊಡಲಾರೆ. ಕರ್ನಾಟಕದಲ್ಲಿ ಪೊಲೀಸರ ಮೇಲೆ ಮೊಕದ್ದಮೆ ಹೂಡಲು ಕರ್ನಾಟಕ ಪೊಲೀಸ್ ಕಾಯ್ದೆ, 1963ರ 170ನೇ ಕಲಂ ದೊಡ್ಡ ತಡೆಗೋಡೆ. ನಮ್ಮ ರಾಜ್ಯದಿಂದಲೇ ಹೋದ ದೇವರಾಜ ಪ್ರಕರಣದಲ್ಲಿ 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು, ಅಧಿಕಾರಿ ಕರ್ತವ್ಯದ ಮಿತಿ ಮೀರಿದ್ದರೂ ಅದಕ್ಕೂ ಕರ್ತವ್ಯಕ್ಕೂ ಸಮಂಜಸವಾದ ನಂಟಿದ್ದರೆ ಸರ್ಕಾರದ ಪೂರ್ವಾನುಮತಿ ಬೇಕು, ಕರ್ತವ್ಯಕ್ಕೆ ಸಂಪೂರ್ಣ ಹೊರಗಿನ ಕೃತ್ಯಕ್ಕೆ ಬೇಡ ಎಂದಿತು. ಆ ನಂಟನ್ನು ಎಲ್ಲಿಯವರೆಗೆ ಎಳೆಯಬಹುದೆಂಬುದರ ಮೇಲೆಯೇ ಇಂಥ ಹೆಚ್ಚಿನ ದೂರುಗಳ ಗತಿ ನಿಂತಿದೆ. ಈ ತೀರ್ಪು ಸಾಮಾನ್ಯ ದೂರುದಾರನ ಮೇಲೆ ತೀರಾ ಭಾರ ಹೊರಿಸಿದೆ ಎಂದು ನನಗೆ ಅನ್ನಿಸುತ್ತದೆ. 2006ರ ಪ್ರಕಾಶ್ ಸಿಂಗ್ ತೀರ್ಪಿನಂತೆ ರಚನೆಯಾಗಬೇಕಾದ ಪೊಲೀಸ್ ದೂರು ಪ್ರಾಧಿಕಾರ, ಮಾನವ ಹಕ್ಕುಗಳ ಆಯೋಗ, ಹೈಕೋರ್ಟಿನಲ್ಲಿ ಪರಿಹಾರದ ರಿಟ್ ಅರ್ಜಿ, ಈ ದಾರಿಗಳಿಗೆ ಪೂರ್ವಾನುಮತಿ ಬೇಕಿಲ್ಲ. ಎಲ್ಲಿ ಹೋದರೂ ಮೊದಲು ಕೇಳುವುದು ಅಂದೇ ಮಾಡಿಸಿದ ವೈದ್ಯಕೀಯ ಪರೀಕ್ಷೆಯ ಚೀಟಿಯನ್ನು.

ಕೊಬ್ಬರಿ ವರ್ತಕ, ತಿಪಟೂರು

ಎಲ್ಲರಿಗೂ ಕೃತಜ್ಞತೆಗಳು. ಮರುದಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದ ಚೀಟಿ ನಮ್ಮ ಹತ್ತಿರ ಇದೆ. ಮನೆಯಲ್ಲಿ ಮಾತನಾಡಿದೆವು; ಹೊಡೆತದ ಬಗ್ಗೆ ದೂರು ಕೊಡುವುದನ್ನು ಹುಡುಗನೇ ನಿರ್ಧರಿಸಲಿ ಎಂದು ಬಿಟ್ಟಿದ್ದೇವೆ. ಆದರೆ ಆ ಹಾಳೆಯ ಪ್ರತಿ ನಮಗೆ ಬೇಕೇ ಬೇಕು. ಅದನ್ನು ಯಾರಿಂದ, ಹೇಗೆ ಪಡೆಯಬೇಕು?

ವಕೀಲೆ, ತುಮಕೂರು

185ನೇ ಕಲಮಿನಡಿ ಬರೆದ ದಾಖಲೆಗಳ ಪ್ರತಿಯನ್ನು 48 ಗಂಟೆಯೊಳಗೆ ಸಮೀಪದ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಶೋಧಿಸಿದ ಸ್ಥಳದ ಮಾಲೀಕ ಅರ್ಜಿ ಕೊಟ್ಟರೆ ಮ್ಯಾಜಿಸ್ಟ್ರೇಟರು ಅದನ್ನು ಉಚಿತವಾಗಿ ಕೊಡಬೇಕು. ಸ್ಥಳವೆಂದರೆ ವಾಹನವೂ ಹೌದೆಂದು ಮೊದಲೇ ಬರೆದೆ. ಆದ್ದರಿಂದ ನೋಂದಣಿಯಲ್ಲಿ ಹೆಸರಿರುವ ನೀವೇ ಅರ್ಜಿದಾರರು. ವಾಹನದ ಸಂಖ್ಯೆ, ದಿನಾಂಕ, ಅಂದಾಜು ಹೊತ್ತು, ನಾಕಾ ಇದ್ದ ಜಾಗ, ಸಹಿ ಮಾಡಿಸಿಕೊಂಡ ಹಾಳೆಯಲ್ಲಿ ಖಾಲಿ ಸಾಲುಗಳಿದ್ದವು ಎಂಬ ಮಾತು ಇವನ್ನೆಲ್ಲ ಅರ್ಜಿಯಲ್ಲಿ ಬರೆಯಿರಿ. ಶೋಧದ ಚಿತ್ರೀಕರಣದ ಪ್ರತಿಯನ್ನೂ ಅದರಲ್ಲಿಯೇ ಕೇಳಿ. ಇದೇ ವಿವರಗಳನ್ನು ನೋಂದಾಯಿತ ಅಂಚೆಯಲ್ಲಿ ಎಸ್‌ಪಿ ಕಚೇರಿಗೂ ಕಳುಹಿಸಿ. ಆ ಹಾಳೆಯಲ್ಲಿ ನಾಳೆ ಏನಾದರೂ ತುಂಬಿದರೆ, ಅದಕ್ಕೂ ಮೊದಲೇ ನೀವು ಆಕ್ಷೇಪಿಸಿದ್ದಿರಿ ಎಂಬುದಕ್ಕೆ ದಿನಾಂಕದ ಮುದ್ರೆ ಇರುವ ಪುರಾವೆ ನಿಮ್ಮ ಕೈಯಲ್ಲಿರುತ್ತದೆ.

ನಿವೃತ್ತ ಸಬ್ ಇನ್‌ಸ್ಪೆಕ್ಟರ್, ಮಧುಗಿರಿ

ಇದರ ಜೊತೆಗೆ ಆ ರಾತ್ರಿಯ ಠಾಣಾ ದಿನಚರಿಯನ್ನೂ ಕೇಳಿ. ನಾಕಾ ಕರ್ತವ್ಯಕ್ಕೆ ಹೊರಟವರ ಹೆಸರು, ಹೊರಟ ಹೊತ್ತು, ಮರಳಿದ ಹೊತ್ತು ಅದರಲ್ಲಿ ಇರಲೇಬೇಕು. ಮ್ಯಾಜಿಸ್ಟ್ರೇಟರ ಕಚೇರಿಗೆ ಯಾವ ದಾಖಲೆಯೂ ಬಂದಿಲ್ಲ ಎಂಬ ಉತ್ತರ ಸಿಕ್ಕರೆ ಅದನ್ನು ಬಾಯಿಮಾತಿನಲ್ಲಿ ಕೇಳಿಕೊಂಡು ಬರಬೇಡಿ. ಹಿಂಬರಹವಾಗಿ ಬರೆಸಿಕೊಂಡೇ ಬನ್ನಿ.